ಓದಿದ ನೆನಪು

ಓದುಪಟ್ಟಿ ಬರುವ ಮೊದಲು ನೀಲಾಂಬಿಕಾ ಅಣ್ಣಿಗೇರಿಯ ಮನೆಯ ಊಟದ ಮೇಜಿನ ಮೇಲೆ ಯಾರೂ ಊಟ ಮಾಡಿದ್ದಿಲ್ಲ. ಮೇಜಿನ ತುಂಬ ಸಂಶೋಧನಾ ಪ್ರಬಂಧಗಳು. ಓದಿದವು ಒಂದು ಗುಡ್ಡೆ, ಅರ್ಧ ಓದಿದವು ಇನ್ನೊಂದು, ಓದಬೇಕೆಂದು ವರ್ಷದಿಂದ ಕಾದಿರುವವು ಮೂರನೆಯದು. ಗಂಡ ಶಿವಯೋಗಿ, ಎಂಟನೆಯ ತರಗತಿಯ ಮಗಳು ಸಂಪದಾ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದರು. ನೀಲಾಂಬಿಕಾ ಧಾರವಾಡದ ಒಂದು ಅಂತರ್ಜಲ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಬೋರ್‌ವೆಲ್ ನೀರಿನಲ್ಲಿ ಸೇರಿಕೊಂಡು ಹಲ್ಲು ಹಳದಿ ಮಾಡುವ, ಮೊಣಕಾಲು ಸೊಟ್ಟಗೆ ಮಾಡುವ ಫ್ಲೋರೈಡನ್ನು ತೆಗೆಯುವುದು ಹೇಗೆಂಬುದು ಅವಳ ಕೆಲಸ. ಶಿವಯೋಗಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಮನೆಯಲ್ಲಿ ಇಬ್ಬರೂ ಓದುವವರೇ. ಅವನ ಓದು ಸಂಜೆ ಐದಕ್ಕೆ ಮುಗಿಯುತ್ತಿತ್ತು, ಅವಳದು ಮುಗಿಯುತ್ತಲೇ ಇರಲಿಲ್ಲ.

ಓದುಪಟ್ಟಿ ಎಂದರೆ ಹಣೆಯ ಸುತ್ತ ಕಟ್ಟಿಕೊಳ್ಳುವ ಬೆರಳಗಲದ ಪಟ್ಟಿ. ಎದುರಿಗೆ ಪರದೆ. ಪರದೆಯ ಮೇಲೆ ಪ್ರಬಂಧದ ಪುಟಗಳು ಎರಡು ಸೆಕೆಂಡಿಗೊಂದರಂತೆ ಸರಿದುಹೋಗುತ್ತವೆ. ಅಷ್ಟು ವೇಗದಲ್ಲಿ ಯಾರ ಕಣ್ಣಿಗೂ ಅಕ್ಷರ ನಿಲ್ಲುವುದಿಲ್ಲ. ಆದರೆ ಯಂತ್ರ ಆ ಪ್ರಬಂಧವನ್ನು ಮೊದಲೇ ಜಾಲಾಡಿ, ನಮಗೆ ಬೇಕಾದ ವಾಕ್ಯಗಳನ್ನು ಆರಿಸಿಟ್ಟಿರುತ್ತದೆ. ಆ ವಾಕ್ಯ ಪರದೆಗೆ ಬಂದ ಗಳಿಗೆಗೆ ಸರಿಯಾಗಿ ಪಟ್ಟಿಯಿಂದ ಮೆದುಳಿಗೆ ಸಣ್ಣದೊಂದು ಮಿಡಿತ ಹೋಗುತ್ತದೆ. ವಾಕ್ಯ ಮೂರು ಸಲ ಓದಿದಷ್ಟು ಗಟ್ಟಿಯಾಗಿ ಕೂತುಬಿಡುತ್ತದೆ. ಆರಿಸದೆ ಬಿಟ್ಟ ವಾಕ್ಯಗಳ ಪುಟವೂ ಕಣ್ಣೆದುರು ಹಾದುಹೋಗಿರುತ್ತದಲ್ಲ, ಹಾಗಾಗಿ ಇಡೀ ಪ್ರಬಂಧ ಓದಿದ ನೆನಪೇ ಉಳಿಯುತ್ತದೆ. ಯಾವ ವಾಕ್ಯ ಬೇಕು ಎಂದು ಯಂತ್ರಕ್ಕೆ ತಿಳಿಯಬೇಕಾದರೆ ನಾವು ನಮ್ಮ ಉದ್ದೇಶವನ್ನು ಒಂದು ಸಾಲಿನಲ್ಲಿ ಬರೆದುಕೊಡಬೇಕು. ಅಷ್ಟೇ ಕೆಲಸ.

ಪಟ್ಟಿ ಬಂದು ಎರಡು ವರ್ಷದಲ್ಲಿ ಸಂಶೋಧಕರ ಲೋಕವೆಲ್ಲ ಅದಕ್ಕೆ ಹೊಂದಿಕೊಂಡಿತು. ಅನುದಾನಕ್ಕೆ ಅರ್ಜಿ ಹಾಕಲು ಮೊದಲು ನಾಲ್ಕು ತಿಂಗಳ ಗಡುವು ಇರುತ್ತಿತ್ತು, ಈಗ ಅದು ಇಪ್ಪತ್ತೊಂದು ದಿನಕ್ಕೆ ಇಳಿಯಿತು. ಮೊದಲು ನಲವತ್ತು ಪ್ರಬಂಧಗಳ ಉಲ್ಲೇಖವಿದ್ದರೆ ಭೇಷ್ ಎನ್ನುತ್ತಿದ್ದವರು ಈಗ ಮುನ್ನೂರಕ್ಕೆ ಕಡಿಮೆಯಿದ್ದ ಅರ್ಜಿಯನ್ನು ಬದಿಗಿಡತೊಡಗಿದರು. ಪಟ್ಟಿ ಕಟ್ಟದೆ ಅರ್ಜಿ ಹಾಕುವುದು ನಡೆದುಕೊಂಡು ಕಾಶಿಗೆ ಹೋದಂತೆ ಎಂದು ಕೇಂದ್ರದ ನಿರ್ದೇಶಕ ಗುಡಿಯವರು ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ನೀಲಾಂಬಿಕಾ ಒಂದು ವರ್ಷ ತಡೆದಳು. ಆ ವರ್ಷ ಅವಳ ಎರಡು ಅರ್ಜಿಗಳು ತಿರಸ್ಕೃತವಾದವು. ಮೂರನೆಯ ಸಲಕ್ಕೆ ಅವಳೂ ಪಟ್ಟಿ ಕಟ್ಟಿದಳು.

ಆ ಅರ್ಜಿ ಒಂದು ಗುಳಿಗೆಯ ಬಗ್ಗೆ. ಜೇಡಿಮಣ್ಣಿಗೆ ಅಲ್ಯೂಮಿನಿಯಂ ಲವಣ ಬೆರೆಸಿ ಸುಟ್ಟ, ಕಡಲೆಕಾಳಿನ ಗಾತ್ರದ ಗುಳಿಗೆ. ಅದನ್ನು ತುಂಬಿದ ತೊಟ್ಟಿಯ ಮೂಲಕ ನೀರು ಹಾಯಿಸಿದರೆ ಫ್ಲೋರೈಡ್ ಗುಳಿಗೆಗೆ ಅಂಟಿಕೊಂಡು ನೀರು ಶುದ್ಧವಾಗುತ್ತದೆ. ಕರೆಂಟು ಬೇಡ, ದೊಡ್ಡ ಯಂತ್ರ ಬೇಡ. ಆರು ಹಳ್ಳಿಗಳಲ್ಲಿ ಒಂದು ವರ್ಷ ಪ್ರಯೋಗ ಮಾಡಿ ತೋರಿಸಬೇಕೆಂಬುದು ಅವಳ ಯೋಜನೆ. ಉದ್ದೇಶದ ಜಾಗದಲ್ಲಿ ಅವಳು ಬರೆದ ಸಾಲು ಹೀಗಿತ್ತು: ಈ ಗುಳಿಗೆ ಫ್ಲೋರೈಡನ್ನು ತೆಗೆಯುತ್ತದೆ ಎಂದು ತೋರಿಸುವ ಆಧಾರಗಳು ಬೇಕು.

ಒಂಬತ್ತು ದಿನಗಳಲ್ಲಿ ಮುನ್ನೂರ ಹನ್ನೆರಡು ಪ್ರಬಂಧಗಳಾದವು. ನೂರ ಎಂಬತ್ತೇಳನೆಯದು ಇಪ್ಪತ್ತೆರಡು ವರ್ಷ ಹಳೆಯದು. ಗದಗ ಸೀಮೆಯ ಒಂದು ಪದವಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ಎಂಟು ಪುಟದ ಬರಹ. ಬರೆದವರು ಎಂ. ವೈ. ನದಾಫ್, ರಸಾಯನಶಾಸ್ತ್ರದ ಉಪನ್ಯಾಸಕರು. ಈ ಗುಳಿಗೆಯನ್ನು ಮೊಟ್ಟಮೊದಲು ಮಾಡಿ ನೋಡಿದವರೇ ಅವರು. ‘ಹದಿನಾಲ್ಕು ಬೋರ್‌ವೆಲ್‌ಗಳ ಪೈಕಿ ಹನ್ನೊಂದರಲ್ಲಿ ಫ್ಲೋರೈಡ್ ಪ್ರಮಾಣ ಸುರಕ್ಷಿತ ಮಟ್ಟಕ್ಕಿಂತ ಕೆಳಗಿಳಿದು ನೀರು ಕುಡಿಯಲು ಯೋಗ್ಯವಾಯಿತು’ ಎಂಬ ವಾಕ್ಯ ಅವಳ ತಲೆಯಲ್ಲಿ ಅಚ್ಚೊತ್ತಿದಂತೆ ಕೂತಿತು. ಕೋಷ್ಟಕದ ಅಂಕಿಗಳೂ ಕೂತವು. ಅವಳ ಅರ್ಜಿಗೆ ಇದಕ್ಕಿಂತ ದೊಡ್ಡ ಆಧಾರ ಬೇರೆ ಇರಲಿಲ್ಲ.

ಅರ್ಜಿಯ ಕೊನೆಯಲ್ಲಿ ಒಂದು ಚೌಕ ಇತ್ತು. ‘ಉಲ್ಲೇಖಿಸಿರುವ ಎಲ್ಲ ಬರಹಗಳನ್ನು ನಾನು ಪೂರ್ತಿಯಾಗಿ ಓದಿದ್ದೇನೆ’ ಎಂದು ಅದರ ಪಕ್ಕದಲ್ಲಿ ಬರೆದಿತ್ತು. ನೀಲಾಂಬಿಕಾ ಗುರುತು ಹಾಕಿದಳು. ಕೈ ಸ್ವಲ್ಪವೂ ತಡೆಯಲಿಲ್ಲ. ಓದಿದ ನೆನಪು ಅವಳಿಗೆ ಸ್ಪಷ್ಟವಾಗಿಯೇ ಇತ್ತು.

ಆ ದಿನಗಳಲ್ಲಿ ಮನೆಯಲ್ಲಿ ಒಂದು ಬಗೆಯ ಹಬ್ಬ. ಮೇಜು ಖಾಲಿಯಾಗಿ, ಅದರ ಮೇಲೆ ಸ್ಟೀಲಿನ ತಾಟು, ಶೇಂಗಾ ಚಟ್ನಿಯ ಡಬ್ಬಿ ಬಂದವು. ನೀಲಾಂಬಿಕಾ ಸಂಜೆ ಆರಕ್ಕೆ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳು. ಮಗಳೊಂದಿಗೆ ಲೆಕ್ಕ ಮಾಡುತ್ತಿದ್ದಳು. ನನಗೂ ಒಂದು ಪಟ್ಟಿ ಕೊಡಿಸು, ಸಮಾಜದ ಪಾಠ ಮುಗಿಸಿಬಿಡ್ತೀನಿ ಎಂದು ಸಂಪದಾ ಗಂಟು ಬಿದ್ದಾಗ ಶಿವಯೋಗಿ ಮಾತ್ರ ನಗಲಿಲ್ಲ. ಕರಡು ತಿದ್ದುವವನಿಗೆ ಬಿಟ್ಟ ಅಕ್ಷರವೇ ಅನ್ನ ಎಂದ. ತಮಾಷೆಗೆ ಅಂದನೋ ನಿಜಕ್ಕೋ, ನೀಲಾಂಬಿಕಾ ಆಗ ಯೋಚಿಸಲಿಲ್ಲ.

ಸಂದರ್ಶನ ಸುಲಭವಾಗಿ ಆಯಿತು. ಪರದೆಯಲ್ಲಿ ಮೂವರು ಪರಿಣತರು ಕೂತಿದ್ದರು. ಹಿರಿಯರೊಬ್ಬರು, ಇದಕ್ಕೆ ನೆಲದ ಮೇಲಿನ ಪುರಾವೆ ಏನಿದೆ ಎಂದು ಕೇಳಿದರು. ನೀಲಾಂಬಿಕಾ ನದಾಫರ ಬರಹದ ಹೆಸರು ಹೇಳಿದಳು. ಅವರ ಮುಖ ಅರಳಿತು. ತಾವೂ ಅದನ್ನು ಓದಿರುವುದಾಗಿ ಹೇಳಿ, ಹದಿನಾಲ್ಕು ಬೋರ್‌ವೆಲ್‌ಗಳ ಪೈಕಿ ಎಂದು ಶುರುಮಾಡಿದರು. ಅವಳೂ ಅದೇ ಹೊತ್ತಿಗೆ ಅದೇ ವಾಕ್ಯ ಶುರುಮಾಡಿದ್ದಳು. ಇಬ್ಬರ ಮಾತೂ ಕೊನೆಯ ಪದದವರೆಗೆ ಜೊತೆಯಾಗಿ ಹೋಗಿ ನಿಂತಿತು. ಉಳಿದಿಬ್ಬರು ತಲೆದೂಗಿದರು. ತನ್ನ ಓದನ್ನು ಇಷ್ಟು ಚೆನ್ನಾಗಿ ಓದಿದವರು ಮೆಚ್ಚಿದರಲ್ಲ ಎಂದು ಅವಳಿಗೆ ಆ ದಿನ ಹೆಮ್ಮೆಯೇ ಆಯಿತು.

ಅನುದಾನ ಸಿಕ್ಕಿತು. ಆರು ಹಳ್ಳಿಗಳಲ್ಲಿ ತೊಟ್ಟಿ ಕೂತವು. ಕೇಂದ್ರದ ಮೊದಲ ಮಹಡಿಯಲ್ಲಿ ಒಂದು ನಿಗಾ ಕೊಠಡಿ ಮಾಡಿದರು. ಗೋಡೆಯ ಮೇಲೆ ಆರು ಹಳ್ಳಿಗಳ ಹೆಸರು, ಪ್ರತಿಯೊಂದರ ಮುಂದೆ ನೀರಿನಲ್ಲಿರುವ ಫ್ಲೋರೈಡಿನ ಅಂಕಿ. ಸುರಕ್ಷಿತವಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಅದರ ಕೆಳಗೆ, ಅಪಾಯ ಕಂಡರೆ ತೊಟ್ಟಿಗಳನ್ನು ಇಲ್ಲಿಂದಲೇ ಮುಚ್ಚಲು ಒಂದು ಗುಂಡಿ. ಮೊದಲ ವಾರದಿಂದಲೇ ಆರೂ ಹಸಿರು. ನಾಲ್ಕನೆಯ ತಿಂಗಳಿಗೆ ಪತ್ರಿಕೆಯವರು ಬಂದು ಫೋಟೊ ತೆಗೆದರು. ವರದಿಯಲ್ಲಿ ನದಾಫರ ಹೆಸರೂ ಒಂದು ಸಾಲಿನಲ್ಲಿ ಬಂತು.

ಅದಾಗಿ ಐದನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನದಾಫರೇ ಬಂದರು.

ಎಪ್ಪತ್ತು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಯ ಮೇಲೆ ಹೆಣೆದ ಟೊಪ್ಪಿಗೆ. ಗದಗಿನಿಂದ ಬಸ್ಸಿನಲ್ಲಿ ಬಂದಿದ್ದರು. ಒಳಗೆ ಬರಬಹುದೇ ಎಂದು ಎರಡು ಸಲ ಕೇಳಿ, ಕುರ್ಚಿಯ ತುದಿಗೆ ಕೂತು, ಪ್ಲಾಸ್ಟಿಕ್ ಹೊದಿಕೆಯೊಳಗಿಂದ ತಮ್ಮ ಎಂಟು ಪುಟಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಅವಳಲ್ಲಿ ಪ್ರತಿ ಇಲ್ಲದಿದ್ದರೆ ಇರಲಿ ಎಂದು ತಂದಿದ್ದರು.

“ಇಪ್ಪತ್ತೆರಡು ವರ್ಷಾತ್ರಿ ಮೇಡಮ್,” ಎಂದರು. “ನಮ್ಮ ಕಾಲೇಜಿನಾಗ ಸುದ್ದಾ ಇದನ್ನ ಯಾರೂ ಓದಲಿಲ್ಲ. ಓದಿದವರು ಒಬ್ಬರು ಅದಾರಂತ ಗೊತ್ತಾಗಿದ್ದು ಇದ ಮೊದಲು. ನಿಮ್ಮ ಮುಖಾ ನೋಡ್ಕೊಂಡ ಹೋಗೂಣಂತ ಬಂದೆ.”

ನೀಲಾಂಬಿಕಾಳ ಮನಸ್ಸು ತುಂಬಿ ಬಂತು. ಅವರ ಕೋಷ್ಟಕದ ಅಂಕಿಗಳನ್ನು ಅವಳು ಒಂದೊಂದಾಗಿ ಹೇಳಿದಳು. ಮೂರನೆಯ ಪುಟದ ಆ ಒಂದು ವಾಕ್ಯ ಎಷ್ಟು ಚೆನ್ನಾಗಿದೆ ಎಂದಳು. ಮುದುಕರ ಕಣ್ಣು ಒದ್ದೆಯಾದವು. ಚಹಾ ಬಂತು. ತೊಟ್ಟಿ ಯಾವ ಯಾವ ಊರಲ್ಲಿ ಕೂರಿಸಿದ್ದೀರಿ ಎಂದು ಅವರು ವಿಚಾರಿಸಿದರು. ಅವಳು ಹೆಸರು ಹೇಳುತ್ತ ಹೋದಳು. ಸವಳಹಟ್ಟಿ ಎಂದಾಗ ಅವರು ಕಪ್ಪನ್ನು ಕೆಳಗಿಟ್ಟರು.

“ಸವಳಹಟ್ಟಿ? ಅಲ್ಲಿ ನೀರಾಗ ಸವಳು ಭಾಳ ಇರಬೇಕಲ್ರಿ. ಊರಿನ ಹೆಸರ ಹೇಳತೈತಿ. ನನಗ ಬಗಿಹರೀಲಾರದ ಮೂರು ಬೋರ್ ಅಂಥಾವ ಇದ್ದವು, ಏಳನೇ ಪುಟದಾಗ ಬರದೀನಲ್ರಿ. ಅದಕ್ಕ ನೀವು ಏನು ಉಪಾಯ ಹುಡುಕಿದ್ರಿ?”

ನೀಲಾಂಬಿಕಾಗೆ ಆ ಮಾತು ಅರ್ಥವಾಗಲಿಲ್ಲ. ಅವಳು ತನ್ನ ನೆನಪಿನಲ್ಲಿ ಹುಡುಕಿದಳು. ಹನ್ನೊಂದು ಬೋರ್‌ವೆಲ್ ಅಲ್ಲಿದ್ದವು. ಹದಿನಾಲ್ಕರಲ್ಲಿ ಹನ್ನೊಂದು ಹೋದರೆ ಉಳಿಯುವುದು ಮೂರು ಎಂಬ ಚಿಕ್ಕ ಲೆಕ್ಕವನ್ನು ತಾನು ಇಷ್ಟು ತಿಂಗಳಲ್ಲಿ ಒಮ್ಮೆಯೂ ಮಾಡಿಲ್ಲವೆಂದು ಆಗ ಅವಳಿಗೆ ಹೊಳೆಯಿತು. ಏಳನೆಯ ಪುಟ ಅವಳ ನೆನಪಿನಲ್ಲಿತ್ತು. ಮೂಲೆಯಲ್ಲಿ ಮಸಿ ಹರಡಿದ ಕಲೆ ಕೂಡ ಇತ್ತು. ಆದರೆ ಆ ಪುಟದ ಮೇಲೆ ಏನು ಬರೆದಿತ್ತೆಂಬುದು ಇರಲಿಲ್ಲ.

ಪುಟಗಳು ಎದುರಿಗೇ ಇದ್ದವು. ಕೈ ಚಾಚಿ ತಿರುವಿ ನೋಡಬಹುದಿತ್ತು. ಹಾಗೆ ಮಾಡಿದರೆ ಇವರ ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

“ಅದನ್ನ ನೋಡ್ಕೊಂಡೀವ್ರಿ ಸರ್,” ಎಂದಳು.

ನದಾಫರು ಎದ್ದು ನಿಂತು ಎರಡೂ ಕೈ ಮುಗಿದರು. ಹೇಗೆ ನೋಡಿಕೊಂಡಿರಿ ಎಂದು ಕೇಳಿದ್ದಕ್ಕೆ, ಅದು ಬಹಳ ತಾಂತ್ರಿಕ ವಿಷಯ, ವರದಿ ಅಚ್ಚಾದ ಮೇಲೆ ಕಳಿಸುತ್ತೇನೆ ಎಂದಳು. ತಾನು ಸಾಯುವುದರೊಳಗೆ ಕಳಿಸಿರಿ ಎಂದು ನಗುತ್ತ ಹೇಳಿ ಅವರು ಬಸ್ಸಿಗೆ ಹೊರಟರು. ಪ್ರತಿಯನ್ನು ಅವಳಿಗೇ ಬಿಟ್ಟರು.

ಅಂದು ಶುಕ್ರವಾರ. ಶನಿವಾರವಿಡೀ ಆ ಪ್ಲಾಸ್ಟಿಕ್ ಹೊದಿಕೆ ಅವಳ ಚೀಲದಲ್ಲಿಯೇ ಇತ್ತು. ರವಿವಾರ ಬೆಳಿಗ್ಗೆ ನಾಷ್ಟಾ ಆದ ಮೇಲೆ ಶಿವಯೋಗಿ ಒಂದು ಪಠ್ಯಪುಸ್ತಕದ ಕರಡು ಹರಡಿಕೊಂಡು ಮೇಜಿಗೆ ಕೂತ. ನೀಲಾಂಬಿಕಾ ಅವನೆದುರು ಕೂತು ಎಂಟು ಪುಟ ತೆಗೆದಳು. ಪಟ್ಟಿ ಇಲ್ಲದೆ ಓದಿ ಬಹಳ ಕಾಲವಾಗಿತ್ತು. ಕಣ್ಣು ಸಾಲು ಬಿಟ್ಟು ಸಾಲಿಗೆ ಜಿಗಿಯುತ್ತಿತ್ತು. ಒಂದು ಪುಟ ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು ನೀರು ಕುಡಿದು ಬಂದಳು. ಕೊನೆಗೆ ಗಂಡನ ಹಾಗೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡಳು.

ಏಳನೆಯ ಪುಟದ ಕೆಳಭಾಗದಲ್ಲಿ ಅದು ಇತ್ತು. ಉಳಿದ ಮೂರು ಬೋರ್‌ವೆಲ್‌ಗಳ ನೀರಿನಲ್ಲಿ ಸವಳು, ಎಂದರೆ ಕ್ಷಾರದ ಅಂಶ, ಹೆಚ್ಚಾಗಿತ್ತು. ಅಲ್ಲಿಯೂ ಫ್ಲೋರೈಡ್ ಇಳಿಯಿತು, ಆದರೆ ತೊಂಬತ್ತು ದಿನಗಳ ನಂತರ ಗುಳಿಗೆಯಿಂದ ಅಲ್ಯೂಮಿನಿಯಂ ಕರಗಿ ನೀರಿಗೆ ಬರತೊಡಗಿತು. ಇಂಥ ನೀರಿಗೆ ಈ ಗುಳಿಗೆಯನ್ನು ಬಳಸಕೂಡದು. ಮೂತ್ರಪಿಂಡ ದುರ್ಬಲವಿರುವವರಿಗೆ ಅಲ್ಯೂಮಿನಿಯಂ ಮಿದುಳಿನವರೆಗೂ ಹೋಗಬಹುದೆಂದು ವೈದ್ಯರು ಹೇಳುತ್ತಾರೆ. ಇದಕ್ಕೆ ಪರಿಹಾರ ನನಗೆ ತಿಳಿದಿಲ್ಲ, ಇದನ್ನು ಓದಿದವರಲ್ಲಿ ಯಾರಾದರೂ ಹುಡುಕಲಿ ಎಂದು ಕೋರುತ್ತೇನೆ.

ಯಂತ್ರ ತಪ್ಪು ಮಾಡಿರಲಿಲ್ಲ. ಗುಳಿಗೆ ಕೆಲಸ ಮಾಡುತ್ತದೆಂದು ತೋರಿಸುವ ಆಧಾರ ಬೇಕೆಂದು ಅವಳು ಕೇಳಿದ್ದಳು, ಅದು ಅಷ್ಟನ್ನೇ ಕೊಟ್ಟಿತ್ತು.

ಅವಳ ಬೆರಳು ಒಂದೇ ಸಾಲಿನ ಕೆಳಗೆ ನಿಂತುಬಿಟ್ಟಿದ್ದನ್ನು ಕಂಡು ಶಿವಯೋಗಿ ತಲೆ ಎತ್ತಿದ. ಇದು ಅರ್ಜಿಗೆ ಮೊದಲೇ ಓದಿದ್ದ ಬರಹವಲ್ಲವೇ ಎಂದು ಕೇಳಿದ. ಓದಿದ್ದೆ ಎಂದಳು. ಆಮೇಲೆ, ಇಲ್ಲ ಎಂದಳು. ಅವನು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸೋಮವಾರ ಅವಳು ಗುಡಿಯವರ ಮುಂದೆ ಏಳನೆಯ ಪುಟ ಇಟ್ಟಳು. ಗುಡಿಯವರು ಕೆಟ್ಟವರಲ್ಲ. ಅವರು ಅದನ್ನು ಓದಿ ಬೆವರು ಒರೆಸಿಕೊಂಡರು. ಇಪ್ಪತ್ತೆರಡು ವರ್ಷದ ಹಿಂದೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಳೆದದ್ದು, ತಪ್ಪೂ ಇರಬಹುದು, ಮೊದಲು ಸದ್ದಿಲ್ಲದೆ ನೀರಿನ ಮಾದರಿ ತರಿಸಿ ಪರೀಕ್ಷೆ ಮಾಡೋಣ ಎಂದರು. ಫಲಿತಾಂಶಕ್ಕೆ ಎರಡು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ನಿಲ್ಲಿಸಿದರೆ ಏಕೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ. ನಾಲ್ಕು ತಿಂಗಳು ಕುಡಿದಿದ್ದಾರೆ, ಇನ್ನೆರಡು ವಾರದಲ್ಲಿ ಏನಾದೀತು ಎಂದರು.

ನೀಲಾಂಬಿಕಾ ಆಗಲಿ ಎಂದಳು. ಇದೊಂದನ್ನು ಅವಳು ಮುಂದೆ ಯಾರ ಮೇಲೂ ಹೊರಿಸಲಿಲ್ಲ. ಗುಡಿಯವರು ಹೇಳಿದ್ದು ಹೌದು. ಆದರೆ ಅವರು ಹೇಳುವ ಮೊದಲೇ, ಹಾಗೆ ಹೇಳಲಿ ಎಂದು ಅವಳ ಮನಸ್ಸು ಒಳಗೊಳಗೇ ಕಾದಿತ್ತು. ಅದು ಅವಳಿಗೆ ಗೊತ್ತಿತ್ತು.

ಆ ದಿನಗಳಲ್ಲಿ ಅವಳು ನಿಗಾ ಕೊಠಡಿಯಲ್ಲಿಯೇ ಹೆಚ್ಚು ಹೊತ್ತು ಕೂರತೊಡಗಿದಳು. ಗೋಡೆಯ ಮೇಲೆ ಆರೂ ಹಸಿರು. ಸವಳಹಟ್ಟಿಯ ಅಂಕಿ ಉಳಿದೆಲ್ಲಕ್ಕಿಂತ ಚೆನ್ನಾಗಿತ್ತು. ಅಲ್ಯೂಮಿನಿಯಂ ಅಳೆಯುವ ಉಪಕರಣವನ್ನು ಯಾವ ತೊಟ್ಟಿಗೂ ಜೋಡಿಸಿರಲಿಲ್ಲ, ಏಕೆಂದರೆ ಅದು ಬೇಕೆಂದು ಅರ್ಜಿಯಲ್ಲಿ ಬರೆದಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಸವಳಹಟ್ಟಿಯ ಆಶಾ ಕಾರ್ಯಕರ್ತೆ ಗಂಗವ್ವ ಫೋನು ಮಾಡಿದಳು. ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ದ್ಯಾಮವ್ವನ ಬಗ್ಗೆ ಹೇಳಬೇಕಿತ್ತು. ದ್ಯಾಮವ್ವನಿಗೆ ಮೂರು ವರ್ಷದಿಂದ ಕಿಡ್ನಿ ಸರಿಯಿಲ್ಲ. ನೂರ ನಲವತ್ತು ಮಕ್ಕಳ ಹೆಸರನ್ನೂ ಬಲ್ಲ ಹೆಂಗಸು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಬಡಿಸುವವಳು. ಈಗ ಒಂದು ತಿಂಗಳಿಂದ ಹೆಸರು ಬಾಯಿಗೆ ಬರುತ್ತಿಲ್ಲ. ಮಾತು ಅರ್ಧಕ್ಕೆ ನಿಲ್ಲುತ್ತದೆ, ಕೈ ನಡುಗುತ್ತದೆ. ಲಕ್ವ ಹೊಡೆದಿದೆ ಎಂದು ಮನೆಯವರು ಎಣ್ಣೆ ತಿಕ್ಕಿಸುತ್ತಿದ್ದಾರೆ, ಡಾಕ್ಟರು ಲಕ್ವ ಅಲ್ಲ ಅಂತಾರೆ. ಗಂಗವ್ವ ಇದನ್ನೆಲ್ಲ ಹೇಳಿ ಕೊನೆಗೆ ಕೇಳಿದಳು:

“ನೀರಿಂದೇನರ ಇರಬಹುದೇನ್ರಿ ಅಕ್ಕಾರ? ಆಕಿ ನಿಮ್ಮ ನೀರು ಬಿಟ್ಟು ಬ್ಯಾರೆ ಕುಡಿಯೂದಿಲ್ರಿ. ದೇವರ ತೀರ್ಥ ಅಂತಾಳ.”

ನೀಲಾಂಬಿಕಾ ಫೋನು ಇಡದೆಯೇ ಗೋಡೆಯ ಬಳಿ ಹೋಗಿ ಆರೂ ತೊಟ್ಟಿಗಳ ಕವಾಟ ಮುಚ್ಚುವ ಗುಂಡಿ ಒತ್ತಿದಳು. ಎಲ್ಲ ಮುಚ್ಚಲು ಹತ್ತು ನಿಮಿಷ ಹಿಡಿಯಿತು. ಹನ್ನೊಂದು ದಿನದ ಹಿಂದೆ ಒತ್ತಿದ್ದರೂ ಅಷ್ಟೇ ಹಿಡಿಯುತ್ತಿತ್ತು. ನಂತರ ಗಂಗವ್ವನಿಗೆ, ಆ ನೀರು ಯಾರೂ ಮುಟ್ಟಬಾರದು, ಮೊದಲು ದ್ಯಾಮವ್ವನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆತಾ, ನಾನು ಅಲ್ಲಿಯೇ ಇರುತ್ತೇನೆ ಎಂದಳು. ಗುಡಿಯವರನ್ನು ಕೇಳಲಿಲ್ಲ.

ಮೂರು ದಿನಕ್ಕೆ ನೀರಿನ ಪರೀಕ್ಷೆಯ ಫಲಿತಾಂಶ ಬಂತು. ಆರು ಹಳ್ಳಿಗಳ ಪೈಕಿ ಎರಡರಲ್ಲಿ ಅಲ್ಯೂಮಿನಿಯಂ ಇರಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಸವಳಹಟ್ಟಿಯದು ಎಲ್ಲಕ್ಕಿಂತ ಹೆಚ್ಚು. ದ್ಯಾಮವ್ವನ ರಕ್ತದಲ್ಲಿಯೂ ಅದು ಸಿಕ್ಕಿತು. ಆಸ್ಪತ್ರೆಯ ವೈದ್ಯರು, ಇದರಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಲಾಗದು, ಆದರೆ ಆಗಿಲ್ಲವೆಂದೂ ಹೇಳಲಾಗದು ಎಂದರು. ಔಷಧಿ ಶುರುವಾಯಿತು.

ನೀಲಾಂಬಿಕಾ ಅನುದಾನ ಮಂಡಳಿಗೆ ಒಂದೂವರೆ ಪುಟದ ಪತ್ರ ಬರೆದಳು. ಚೌಕದಲ್ಲಿ ಹಾಕಿದ ಗುರುತು ಸುಳ್ಳು, ಹನ್ನೊಂದು ದಿನ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಅದರಲ್ಲಿತ್ತು. ಶಿವಯೋಗಿ ಅದನ್ನು ಓದಿ ಒಂದು ಅಕ್ಷರವನ್ನೂ ತಿದ್ದದೆ ವಾಪಸು ಕೊಟ್ಟ. ಯೋಜನೆ ರದ್ದಾಯಿತು. ಐದು ವರ್ಷ ಅವಳು ಯಾವ ಅರ್ಜಿಯನ್ನೂ ಹಾಕುವಂತಿಲ್ಲ ಎಂದು ಆದೇಶ ಬಂತು. ಸಂದರ್ಶನದಲ್ಲಿ ಅವಳೊಂದಿಗೆ ಒಂದೇ ಉಸಿರಿಗೆ ವಾಕ್ಯ ಹೇಳಿದ್ದ ಹಿರಿಯರು ಒಂದು ದಿನ ಫೋನು ಮಾಡಿ, ಅದು ಏಳನೆಯ ಪುಟದಲ್ಲಿತ್ತಾ ಎಂದಷ್ಟೇ ಕೇಳಿದರು. ಹೌದು ಎಂದಳು. ನನಗೂ ಆ ಪುಟ ನೆನಪಿದೆಯಮ್ಮಾ ಎಂದು ಹೇಳಿ ಅವರು ಫೋನು ಇಟ್ಟರು. ಓದುಪಟ್ಟಿಯನ್ನು ಯಾರೂ ನಿಷೇಧಿಸಲಿಲ್ಲ. ಮುಂದಿನ ವರ್ಷದ ಅರ್ಜಿಯಲ್ಲಿ ‘ಪೂರ್ತಿಯಾಗಿ ಓದಿದ್ದೇನೆ’ ಎಂಬಲ್ಲಿ ‘ಪರಿಶೀಲಿಸಿದ್ದೇನೆ’ ಎಂದು ಬದಲಾಯಿತು.

ಅವಳಿಗೆ ಬೇರೊಂದು ಕಷ್ಟ ಶುರುವಾಗಿತ್ತು. ಪುಸ್ತಕದ ಕಪಾಟಿನ ಮುಂದೆ ನಿಂತರೆ, ಇದರಲ್ಲಿ ತಾನು ನಿಜವಾಗಿ ಓದಿದ್ದು ಯಾವುದು, ಓದಿದ ನೆನಪು ಮಾತ್ರ ಇರುವುದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಪಟ್ಟಿ ಬರುವ ಮೊದಲು ಓದಿದವುಗಳ ಬಗ್ಗೆಯೂ ಅನುಮಾನ ಬರತೊಡಗಿತು. ಸಂಪದಾ ಪಾಠ ಒಪ್ಪಿಸಲು ಬಂದರೆ, ಪುಸ್ತಕ ತೆಗೆದು ನೋಡಿಯೇ ಸರಿ ಎನ್ನುತ್ತಿದ್ದಳು.

ನದಾಫರ ಮನೆಗೆ ಅವಳು ಒಬ್ಬಳೇ ಹೋದಳು. ಗದಗಿನ ಹಳೆಯ ಓಣಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ಶರಬತ್ತು ತಂದಿಟ್ಟು, ನೀವು ಬರುತ್ತೀರೆಂದು ಬೆಳಿಗ್ಗೆಯಿಂದ ಅಂಗಿ ಬದಲಿಸಿಕೊಂಡು ಕೂತಿದ್ದಾರೆ ಎಂದರು. ನದಾಫರು ವರದಿ ತಂದಿರಾ ಎಂದು ಕೇಳಿದರು.

ನೀಲಾಂಬಿಕಾ ಎಲ್ಲ ಹೇಳಿದಳು. ಪಟ್ಟಿಯ ವಿಷಯ, ತಾನು ಬರೆದ ಉದ್ದೇಶದ ಸಾಲು, ಅವರೆದುರು ಕೂತು ಹೇಳಿದ ಸುಳ್ಳು, ಹನ್ನೊಂದು ದಿನ, ದ್ಯಾಮವ್ವ. ಹೇಳುವಾಗ ತಲೆ ತಗ್ಗಿಸಿರಬಾರದೆಂದು ಬಸ್ಸಿನಲ್ಲಿ ನಿಶ್ಚಯಿಸಿಕೊಂಡು ಬಂದಿದ್ದಳು. ಆಗಲಿಲ್ಲ. ಅವರ ಕಾಲಿನ ಚಪ್ಪಲಿಯ ಬಾರನ್ನೇ ನೋಡುತ್ತ ಹೇಳಿ ಮುಗಿಸಿದಳು. ಬೈಯುತ್ತಾರೆಂದು ಕಾದಳು. ಬೈದರೆ ತಡೆದುಕೊಳ್ಳಲು ತಯಾರಾಗಿದ್ದಳು.

ನದಾಫರು ಮೊದಲು ದ್ಯಾಮವ್ವ ಈಗ ಹೇಗಿದ್ದಾಳೆಂದು ವಿಚಾರಿಸಿದರು. ಸ್ವಲ್ಪ ವಾಸಿ ಎಂದಳು. ಆಮೇಲೆ ಅವರು ಕಿಟಕಿಯ ಕಡೆ ತಿರುಗಿದರು.

“ಹಂಗಾರ, ಯಾರೂ ಓದಿಲ್ಲ ಅಂದಂಗಾತು,” ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಹೇಳಿದಂತೆಯೂ ಇರಲಿಲ್ಲ. ಅವಳು ಶರಬತ್ತನ್ನು ಕುಡಿಯದೆ ಎದ್ದಳು. ಕುಡಿದು ಹೋಗಿ, ನಮ್ಮ ಮನೆಯಿಂದ ಹಾಗೆ ಹೋಗಬಾರದು ಎಂದು ಅವರ ಹೆಂಡತಿ ಕೈ ಹಿಡಿದು ಕೂರಿಸಿದರು. ಅವಳು ಕೂತು ಪೂರ್ತಿ ಕುಡಿದಳು.

ಉಳಿದದ್ದು ಸವಳಹಟ್ಟಿ. ಕೇಂದ್ರದವರು ಊರಿಗೆ ಒಂದು ನೋಟೀಸು ಕಳಿಸಿ, ತಾಂತ್ರಿಕ ಕಾರಣದಿಂದ ತೊಟ್ಟಿಯನ್ನು ನಿಲ್ಲಿಸಲಾಗಿದೆ ಎಂದು ತಿಳಿಸಿದ್ದರು. ಪಂಚಾಯ್ತಿಯವರು ಟ್ಯಾಂಕರಿನಲ್ಲಿ ನೀರು ತರಿಸುತ್ತಿದ್ದರು. ನೋಟೀಸು ಸಾಕು, ನೀವು ಹೋಗುವುದು ಬೇಡ, ಜನ ಹೇಗೆ ತಗೊಳ್ತಾರೋ ಎಂದು ಗುಡಿಯವರು ತಡೆದರು. ಅವಳು ರಜೆ ಹಾಕಿ ಹೋದಳು.

ಶಾಲೆಯ ಬಿಸಿಯೂಟ ಮುಗಿದ ಹೊತ್ತು. ಗಂಗವ್ವ ಇಪ್ಪತ್ತು ಮಂದಿ ಹೆಂಗಸರನ್ನು ವರಾಂಡದಲ್ಲಿ ಸೇರಿಸಿದ್ದಳು. ಕೆಲವು ಗಂಡಸರು ಕಂಪೌಂಡಿನ ಹೊರಗೆ ನಿಂತಿದ್ದರು. ದ್ಯಾಮವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಆಸ್ಪತ್ರೆಯಿಂದ ಬಂದು ಆರು ವಾರವಾಗಿತ್ತು. ಕೈಯ ನಡುಕ ಕಡಿಮೆಯಾಗಿತ್ತು, ಮಕ್ಕಳ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರಳಿದ್ದವು. ಉಳಿದವು ಬರುತ್ತವೋ ಇಲ್ಲವೋ ವೈದ್ಯರು ಹೇಳಿರಲಿಲ್ಲ. ಅಡುಗೆಗೆ ಬೇರೆಯವಳನ್ನು ಹಚ್ಚಿದ್ದರು. ಆದರೂ ದ್ಯಾಮವ್ವ ದಿನಾ ಬಂದು ಮೆಟ್ಟಿಲ ಮೇಲೆ ಕೂತು ಮಕ್ಕಳನ್ನು ನೋಡಿ ಹೋಗುತ್ತಿದ್ದಳು.

ನೀಲಾಂಬಿಕಾ ನಿಂತುಕೊಂಡು ಮಾತಾಡಿದಳು. ಅಲ್ಯೂಮಿನಿಯಂ, ಸವಳು, ತೊಂಬತ್ತು ದಿನ ಎಲ್ಲವನ್ನೂ ಅವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಹಿರಿಯರೊಬ್ಬರು ಇದನ್ನೆಲ್ಲ ಇಪ್ಪತ್ತೆರಡು ವರ್ಷದ ಹಿಂದೆಯೇ ಬರೆದಿಟ್ಟಿದ್ದರು ಎಂದಳು.

“ಅದನ್ನ ನಾ ಓದಿರಲಿಲ್ಲ,” ಎಂದಳು. “ಓದೀನಿ ಅಂತ ಬರದು ಕೊಟ್ಟಿದ್ದೆ. ಗೊತ್ತಾದ ಮ್ಯಾಲೂ ಹನ್ನೊಂದು ದಿವಸ ನಿಮಗ ಹೇಳಲಿಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಪೌಂಡಿನ ಹೊರಗಿನಿಂದ ಒಬ್ಬ, ಇಂಥವರಿಗೆ ಏನು ಹೇಳೂದು ಎಂದು ಗಟ್ಟಿಯಾಗಿಯೇ ಅಂದು ಹೊರಟುಹೋದ. ಅವನ ಹಿಂದೆ ಇನ್ನಿಬ್ಬರು ಹೋದರು. ಆ ಮಾತಿನಿಂದ ನೀಲಾಂಬಿಕಾಗೆ ಮನಸ್ಸು ಸ್ವಲ್ಪ ಹಗುರವೆನಿಸಿತು. ಅದೊಂದೇ ಅವಳು ಬಯಸಿ ಬಂದದ್ದಕ್ಕೆ ಹತ್ತಿರವಾಗಿತ್ತು.

ದ್ಯಾಮವ್ವ ಮೆಟ್ಟಿಲಿನಿಂದ ಅವಳನ್ನೇ ನೋಡುತ್ತಿದ್ದಳು. ಬಾ ಎಂದು ಕೈಸನ್ನೆ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡಳು. ನೀಲಾಂಬಿಕಾ ಅಳುತ್ತಿದ್ದಾಳೆಂದು ಅವಳಿಗೆ ಕಂಡಿರಬೇಕು. ಸೆರಗಿನಿಂದ ಅವಳ ಮುಖ ಒರೆಸಹೋದಳು, ಕೈ ನಡುಗಿ ಸೆರಗು ಕಣ್ಣಿಗೆ ತಾಗಿತು.

“ಓದಾಕ… ಓದಾಕ ನಮಗೂ ಬರೂದಿಲ್ಲ ಬೇ,” ಎಂದಳು ದ್ಯಾಮವ್ವ. ಒಂದೊಂದು ಪದಕ್ಕೂ ಅವಳು ನಿಲ್ಲಬೇಕಾಗುತ್ತಿತ್ತು. “ಅದರಾಗೇನೈತಿ? ಯಾಕ ಅಷ್ಟು… ಅಷ್ಟು…”

ಮುಂದಿನ ಪದ ಬರಲಿಲ್ಲ. ದ್ಯಾಮವ್ವ ಕಣ್ಣು ಮುಚ್ಚಿ ಹುಡುಕಿದಳು. ತುಟಿ ಅಲ್ಲಾಡಿದವು. ಗಂಗವ್ವ ಬಗ್ಗಿ, ಏನ್ ಬೇ, ದುಃಖೇನು ಎಂದಳು. ಅದಲ್ಲವೆಂದು ದ್ಯಾಮವ್ವ ತಲೆಯಾಡಿಸಿದಳು. ಅಂಜಿಕಿಯೇನು ಎಂದು ಮತ್ತೊಬ್ಬಳು ಕೇಳಿದಳು. ಅದೂ ಅಲ್ಲ. ಹುಡುಕಿ ಹುಡುಕಿ ದಣಿದು ಅವಳು ನೀಲಾಂಬಿಕಾಳ ಕಡೆ ತಿರುಗಿದಳು. ಓದಿದವಳು, ಇವಳಿಗೆ ಗೊತ್ತಿದ್ದೀತು ಎಂಬಂತೆ ಕಾದಳು.

“ನಾಚಿಕಿ,” ಎಂದಳು ನೀಲಾಂಬಿಕಾ.

“ಹಾಂ, ಅದ,” ಎಂದಳು ದ್ಯಾಮವ್ವ, ಪದ ಸಿಕ್ಕ ಸಂತೋಷಕ್ಕೆ ಅವಳ ಬೆನ್ನು ತಟ್ಟುತ್ತ.